ಲಂಗರು ವಿಂಚ್ ಮೋಟರಿಗೆ ತುಕ್ಕು ಹಿಡಿಯದಂತೆ ನಾನು ಮಾಡುವುದು

ದೋಣಿಯ ಲಂಗರನ್ನು ಸರಪಳಿ ಸಮೇತ ಎತ್ತುವ ವಿಂಚಿನ ಮೋಟರಿಗೆ ಸಿಕ್ಕಿರುವ ಜಾಗವೇ ಸರಿಯಿಲ್ಲ. ಡೆಕ್ಕಿನ ಕೆಳಗೆ, ಒದ್ದೆ ಸರಪಳಿ ಬಂದು ಬೀಳುವ ಗೂಡಿನಲ್ಲಿ ಗಾಳಿಯಾಡುವುದಿಲ್ಲ, ಉಪ್ಪುನೀರು ಮಾತ್ರ ತೊಟ್ಟಿಕ್ಕುತ್ತಲೇ ಇರುತ್ತದೆ. ಮೇಲೆ ಕಾಣುವ ಭಾಗ ಸ್ಟೇನ್‌ಲೆಸ್ ಸ್ಟೀಲ್ ಅಥವಾ ಅಲ್ಯೂಮಿನಿಯಂ. ಕೆಳಗೆ ನೇತಾಡುವ ಮೋಟರಿನ ಕವಚ ಸಾಮಾನ್ಯವಾಗಿ ಬಣ್ಣ ಬಳಿದ ಉಕ್ಕು, ಅಷ್ಟೇ. ತುಕ್ಕು ಶುರುವಾಗುವುದು ಕವಚದ ಅಂಚುಗಳಲ್ಲಿ: ಕೊನೆಯ ಮುಚ್ಚಳ ಕೂಡುವ ಗೆರೆ, ಬೋಲ್ಟಿನ ತಲೆ, ಟರ್ಮಿನಲ್ ಬುಡ. ಅಲ್ಲೆಲ್ಲ ಬಣ್ಣ ತೆಳುವಾಗಿ ಕೂತಿರುತ್ತದೆ.

ಬ್ಯಾಟರಿ ಸಂಪರ್ಕ ತೆಗೆದು, ತಂತಿಗಳಿಗೆ ಗುರುತು ಹಾಕಿ ಮೋಟರನ್ನು ಹೊರಗೆ ತರುತ್ತೇನೆ. ತುಕ್ಕು ಉಜ್ಜಿದ ಕೂಡಲೇ ಪ್ರೈಮರ್ ಹೊಡೆದರೆ ಕೆಲಸ ಕೆಟ್ಟಂತೆ. ತುಕ್ಕಿನ ಗುಳಿಗಳಲ್ಲಿ ಉಳಿದ ಉಪ್ಪು ಬಣ್ಣದ ಕೆಳಗೆ ತೇವ ಎಳೆದುಕೊಂಡು ಗುಳ್ಳೆ ಎಬ್ಬಿಸುತ್ತದೆ. ಅದಕ್ಕೇ ಶಾಫ್ಟ್, ಟರ್ಮಿನಲ್, ನೀರು ಬಸಿಯುವ ತೂತು ಇಷ್ಟನ್ನೂ ಬಣ್ಣ ತಾಗದಂತೆ ಮುಚ್ಚಿ, ವೈರ್ ಬ್ರಷ್‌ನಿಂದ ಉಜ್ಜಿ, ಸಿಹಿನೀರಿನಲ್ಲಿ ಅದ್ದಿದ ಬಟ್ಟೆಯಿಂದ ಎರಡು ಮೂರು ಸಲ ಒರೆಸಿ ಒಣಗಿಸುತ್ತೇನೆ. ಆಮೇಲೆ ಎಪಾಕ್ಸಿ ಪ್ರೈಮರ್ ಎರಡು ಪದರ. ಮೊದಲು ಅಂಚುಗಳಿಗೆ ಬ್ರಷ್‌ನಿಂದ, ನಂತರ ಇಡೀ ಕವಚಕ್ಕೆ. ಅದರ ಮೇಲೆ ಬಣ್ಣ ಎರಡು ಪದರ. ನಾಮಫಲಕಕ್ಕೆ ಬಣ್ಣ ಬಳಿಯಬೇಡಿ, ಬಿಡಿಭಾಗ ತರಿಸುವಾಗ ಅದರ ನಂಬರೇ ಬೇಕಾಗುವುದು.

ಬಣ್ಣ ಗಟ್ಟಿಯಾದ ಮೇಲೆ ಪೆಟ್ರೋಲಾಟಮ್ ಟೇಪ್ (ಗ್ರೀಸಿನಂಥ ಜಿಡ್ಡು ಹೀರಿದ ಬಟ್ಟೆಪಟ್ಟಿ) ಸುತ್ತುತ್ತೇನೆ, ಪ್ರತಿ ಸುತ್ತೂ ಹಿಂದಿನದರ ಅರ್ಧ ಅಗಲದ ಮೇಲೆ ಕೂರುವಂತೆ. ಕೆಳಗಿನಿಂದ ಮೇಲಕ್ಕೆ ಸುತ್ತಿದರೆ ಮೇಲಿನ ಸುತ್ತು ಕೆಳಗಿನದನ್ನು ಮುಚ್ಚಿ ನೀರು ಹೊರಗೇ ಇಳಿದುಹೋಗುತ್ತದೆ. ಬಸಿಯುವ ತೂತನ್ನು ಮಾತ್ರ ಟೇಪಿನಿಂದ ಮುಚ್ಚಬಾರದು. ಟೇಪಿನಿಂದ ಮೋಟರು ಬಿಸಿಯಾಗುವುದಿಲ್ಲವೇ ಎಂದರೆ, ವಿಂಚ್ ಒಮ್ಮೆಗೆ ಓಡುವುದು ಕೆಲವೇ ನಿಮಿಷ. ನನಗೆ ಅದರಿಂದ ತೊಂದರೆ ಕಂಡಿಲ್ಲ.

ಹೊರಗಿನ ತುಕ್ಕಿಗಿಂತ ಕೆಟ್ಟದ್ದು ಮೇಲಿಂದ ಒಳಗೆ ಇಳಿಯುವ ನೀರು. ಗೇರ್‌ಬಾಕ್ಸಿನ ಎಣ್ಣೆ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ಅದಕ್ಕೆ ನೀರು ಸೇರಿದೆ, ಸಾಮಾನ್ಯವಾಗಿ ಶಾಫ್ಟಿನ ಆಯಿಲ್ ಸೀಲ್ (ಎಣ್ಣೆ ಸೋರದಂತೆ, ನೀರು ನುಗ್ಗದಂತೆ ತಡೆಯುವ ರಬ್ಬರ್ ಬಳೆ) ಸೋತಿರುತ್ತದೆ. ಎಣ್ಣೆ ಬದಲಿಸಿ ಸುಮ್ಮನಾಗದೆ ಸೀಲನ್ನೂ ಹಾಕಬೇಕು. ಮೋಟರಿನ ಕಡೆಯ ಸೀಲ್ ಸೋತರೆ ಎಣ್ಣೆ ಒಳಗಿಳಿದು ಮೋಟರಿನೊಳಗಿನ ಇಂಗಾಲದ ಬ್ರಷ್‌ನ ಪುಡಿಯೊಂದಿಗೆ ಸೇರಿ ಕಮ್ಯುಟೇಟರ್ (ಬ್ರಷ್ ಒತ್ತಿಕೊಂಡು ಕರೆಂಟ್ ಕೊಡುವ, ತಾಮ್ರದ ಪಟ್ಟಿಗಳ ತಿರುಗುವ ಉರುಳೆ) ಮೇಲೆ ಕಪ್ಪು ಜಿಗುಟಾಗಿ ಕೂರುತ್ತದೆ, ಶಾರ್ಟ್ ಆಗುತ್ತದೆ. ಆ ಪುಡಿ ತೆಗೆದು, 600 ನಂಬರಿನ ಸ್ಯಾಂಡ್‌ಪೇಪರಿನಿಂದ ಹಗುರವಾಗಿ ಉಜ್ಜಿ, ಪಟ್ಟಿಗಳ ನಡುವಿನ ಸಂದನ್ನು ಕೆರೆದು ಸ್ವಚ್ಛ ಮಾಡುತ್ತೇನೆ. ಎಮರಿ ಬಟ್ಟೆ ಬೇಡ, ಅದರ ಕಣ ವಿದ್ಯುತ್ ಹರಿಸಬಹುದು. ಇಂಗಾಲದ ಬ್ರಷ್ ತನ್ನ ಗೂಡಿನಲ್ಲಿ ಸಲೀಸಾಗಿ ಜಾರಬೇಕು. ಸ್ಪ್ರಿಂಗ್ ತುಕ್ಕು ತಿಂದಿದ್ದರೆ ಬದಲಿಸಿ. ಜೋಡಿಸಿದ ಮೇಲೆ ಟರ್ಮಿನಲ್‌ನಿಂದ ಕವಚಕ್ಕೆ ಮಲ್ಟಿಮೀಟರ್ ಹಿಡಿದರೆ ಮೆಗಾಓಮ್ ಲೆಕ್ಕದಲ್ಲಿ ತೋರಿಸಬೇಕು. ಕಿಲೋಓಮ್‌ಗೆ ಇಳಿದಿದ್ದರೆ ಒಳಗೆ ತೇವ ಅಥವಾ ಇಂಗಾಲದ ಪುಡಿ ಇದೆ. ಕವಚಕ್ಕೇ ನೆಗೆಟಿವ್ ಕೊಟ್ಟಿರುವ ಮೋಟರಿಗೆ ಈ ಪರೀಕ್ಷೆ ಹೊಂದುವುದಿಲ್ಲ.

ಟರ್ಮಿನಲ್ ಬಿಗಿಯುವಾಗ ಕೆಳಗಿನ ನಟ್ಟನ್ನು ಇನ್ನೊಂದು ಸ್ಪ್ಯಾನರಿನಿಂದ ಹಿಡಿದುಕೊಳ್ಳಲೇಬೇಕು. ಇಲ್ಲದಿದ್ದರೆ ಸ್ಟಡ್ (ಟರ್ಮಿನಲ್‌ನ ಬೋಲ್ಟು) ತಿರುಗಿ ಒಳಗಿನ ಸುರುಳಿಯ ತಂತಿ ಕಿತ್ತುಬರುತ್ತದೆ, ಹೊರಗಿನಿಂದ ಗೊತ್ತೇ ಆಗುವುದಿಲ್ಲ. ನಾನು ಬಳಸುವುದು ತವರ ಲೇಪಿಸಿದ ತಾಮ್ರದ ಕೇಬಲ್, ಒಳಗೆ ಅಂಟಿರುವ ಹೀಟ್ ಶ್ರಿಂಕ್ ಸ್ಲೀವ್ (ಬಿಸಿಗೆ ಕುಗ್ಗಿ ಹಿಡಿಯುವ ಕೊಳವೆ), ಬಿಗಿದ ಮೇಲೆ ಲ್ಯಾನೋಲಿನ್ ಎಂಬ ಉಣ್ಣೆಯ ಜಿಡ್ಡು. 12 ವೋಲ್ಟ್ ವ್ಯವಸ್ಥೆಯಲ್ಲಿ ಲಂಗರು ಎತ್ತುತ್ತಿರುವಾಗಲೇ ಮೋಟರಿನ ಟರ್ಮಿನಲ್‌ಗಳಲ್ಲಿ ಅಳೆಯಿರಿ. 10.5ಕ್ಕಿಂತ ಕೆಳಗಿಳಿದರೆ ಬ್ಯಾಟರಿಯನ್ನೂ ಪ್ರತಿ ಜೋಡಣೆಯನ್ನೂ ನೋಡಬೇಕು. ವೋಲ್ಟೇಜ್ ಕಡಿಮೆಯಾದಷ್ಟೂ ಮೋಟರು ನಿಧಾನವಾಗುತ್ತದೆ, ಅದೇ ಭಾರಕ್ಕೆ ಹೆಚ್ಚು ಹೊತ್ತು ಓಡಿ ಬಿಸಿಯಾಗುತ್ತದೆ. ಪೂರ್ತಿ ನಿಂತುಬಿಟ್ಟರಂತೂ ಕರೆಂಟ್ ಏರಿ ಸುಡಲು ಹೆಚ್ಚು ಹೊತ್ತು ಬೇಡ.

ಉಳಿದದ್ದು ದಿನನಿತ್ಯದ್ದು. ಸರಪಳಿ ಮೇಲೆ ಬರುವಾಗಲೇ ಸಿಹಿನೀರು ಬಿಡಿ, ಪೈಪಿನ ಧಾರೆ ಮೋಟರಿನ ಮೇಲೆ ಬೇಡ. ಗೂಡಿನ ತೂತಿನಲ್ಲಿ ಕೆಸರು ಕಟ್ಟಿಕೊಂಡಿದೆಯೇ ನೋಡಿ. ದೋಣಿ ಕಟ್ಟಿಹಾಕಿದ್ದರೂ ತಿಂಗಳಿಗೊಮ್ಮೆ ವಿಂಚನ್ನು ಎರಡೂ ದಿಕ್ಕಿಗೆ ಓಡಿಸಿ. ಸೊಲೆನಾಯ್ಡ್ (ಮೋಟರಿಗೆ ದೊಡ್ಡ ಕರೆಂಟ್ ಹರಿಸುವ ಸ್ವಿಚ್) ಪೆಟ್ಟಿಗೆ ಅದೇ ಗೂಡಿನಲ್ಲಿದ್ದರೆ ಗೋಡೆಯಾಚೆಯ ಒಣ ಜಾಗಕ್ಕೆ ಸಾಗಿಸಿ. ಕೇಬಲ್ ಸ್ವಲ್ಪ ಉದ್ದವಾಗುತ್ತದೆ, ಅದಕ್ಕೆ ತಕ್ಕಂತೆ ದಪ್ಪವನ್ನೂ ಹೆಚ್ಚಿಸಿಕೊಳ್ಳಿ.