ಹಾಲು ಕಕ್ಕುವ ಕೂಸು: ನನ್ನ ಅನುಭವ

ಸಿಂಧನೂರಿನಲ್ಲಿ ಬಾಣಂತನ ಮುಗಿಯುವ ತನಕ ನನ್ನ ಒಂದು ನೈಟಿಯ ಹೆಗಲೂ ಒಣಗಿರಲಿಲ್ಲ. ಮಗಳು ಕುಡಿದ ಕೂಡಲೇ ಒಂದಿಷ್ಟು ಹಾಲು ಕಕ್ಕುತ್ತಿದ್ದಳು, ಅರ್ಧ ತಾಸು ಬಿಟ್ಟು ಒಡೆದ ಮೊಸರಿನಂಥದ್ದು. "ಕುಡದಿದ್ದೆಲ್ಲ ಹೊರಗ ಹಾಕ್ತಾಳ, ಹೊಟ್ಟ್ಯಾಗ ಏನ್ ಉಳೀತದ? ದೃಷ್ಟಿ ಆಗ್ಯದ ನೋಡವ್ವ" ಅನ್ನುವುದು ಅತ್ತೆಯ ಮಾತು.

ಮಕ್ಕಳ ಡಾಕ್ಟರು ಔಷಧಿಯನ್ನೇ ಬರೆಯಲಿಲ್ಲ. ಅನ್ನನಾಳ ಹೊಟ್ಟೆಗೆ ಸೇರುವಲ್ಲಿನ ಸ್ನಾಯು ಎಳೆಗೂಸಿಗೆ ಇನ್ನೂ ಬಿಗಿಯಾಗಿರುವುದಿಲ್ಲವಂತೆ. 4 ತಿಂಗಳ ಹೊತ್ತಿಗೆ ಕಕ್ಕುವುದು ಜಾಸ್ತಿ, ಹೆಚ್ಚಿನ ಮಕ್ಕಳಿಗೆ ಒಂದು, ಒಂದೂವರೆ ವರ್ಷದೊಳಗೆ ತಾನಾಗಿ ನಿಲ್ಲುತ್ತದೆ. "ತೂಕ ಏರ್ತಾ ಅದಲ್ಲ, ಮತ್ತೇನು?" ಅಂದರು.

ಅತ್ತೆ ಒಪ್ಪಿದ್ದು ಡಾಕ್ಟರ ಮಾತಿಗಲ್ಲ. ಅವರೆದುರೇ ಒಂದು ಚಮಚ ಹಾಲನ್ನು ಟವೆಲ್ ಮೇಲೆ ಸುರಿದೆ. ಅಂಗೈಗಿಂತ ಅಗಲ ಒದ್ದೆಯಾಯಿತು. "ಇಷ್ಟೇನಾ ಹೋಗೋದು?" ಅಂದರು. ಅಂಗನವಾಡಿಯಲ್ಲಿ ತೂಗಿಸಿ, ತಾಯಿ ಕಾರ್ಡಿನಲ್ಲಿ ಗೆರೆ ಏರಿದ್ದನ್ನೂ ತೋರಿಸಿದೆ. ಆಮೇಲೆ ದೃಷ್ಟಿ ತೆಗೆಯುವುದು ಅಮಾವಾಸ್ಯೆಗೆ ಮಾತ್ರ. ಅಷ್ಟಕ್ಕೆ ನನ್ನದೇನೂ ತಕರಾರಿಲ್ಲ.

ಹಸಿದು ಚೀರುವ ಮೊದಲೇ ಕುಡಿಸುತ್ತಿದ್ದೆ. ಅತ್ತು ಗಾಳಿ ನುಂಗಿದ ದಿನ ಕಕ್ಕುವುದೂ ಹೆಚ್ಚು. ಒಂದು ಕಡೆ ಕುಡಿಸಿ, ತೇಗಿಸಿ, ಆಮೇಲೆ ಇನ್ನೊಂದು ಕಡೆ. ಕುಡಿದಾದ ಮೇಲೆ 20–30 ನಿಮಿಷ ಹೆಗಲ ಮೇಲೆ ನೆಟ್ಟಗೆ ಎತ್ತಿಕೊಳ್ಳಬೇಕು. ಏಪ್ರಿಲ್ ಬಿಸಿಲು, ಕರೆಂಟ್ ಇಲ್ಲ, ಎದೆಗೆ ಎದೆ ಅಂಟಿ ಇಬ್ಬರಿಗೂ ಬೆವರು. ಈ ಪಾಳಿಯನ್ನು ಗಂಡನಿಗೂ ಮಾವನಿಗೂ ಹಂಚಿದೆ; ಮಾವ ಭಜನೆ ಹಾಡುತ್ತಾ ಅಂಗಳ ಸುತ್ತಿಬಿಡುತ್ತಿದ್ದರು. ಸೀರೆಯ ಜೋಲಿಯಲ್ಲಿ ಹೊಟ್ಟೆ ಮಡಚುತ್ತದೆ, ಹಾಗಾಗಿ ಅದನ್ನು ಬಿಚ್ಚಿಟ್ಟೆವು.

ಮಲಗಿಸುವುದು ಮಾತ್ರ ಅಂಗಾತ, ಸಮತಟ್ಟು ಹಾಸಿಗೆಯ ಮೇಲೆ, ದಿಂಬಿಲ್ಲದೆ. ಹಾಗೆ ಮಲಗಿದರೆ ಹಾಲು ನೆತ್ತಿಗೇರುತ್ತದೆ ಎಂದು ಓಣಿಯವರೆಲ್ಲ ಹೆದರಿಸಿದರು. ಅಂಗಾತ ಮಲಗಿದಾಗ ಉಸಿರಿನ ನಾಳ ಮೇಲೆ, ಅನ್ನನಾಳ ಕೆಳಗೆ. ಮೇಲೆ ಬಂದ ಹಾಲು ಉಸಿರಿನ ನಾಳಕ್ಕೆ ಏರುವುದು ಕಷ್ಟ. ಬೋರಲು ಮಲಗಿಸುವುದೇ ಅಪಾಯ. ಗ್ರೈಪ್ ವಾಟರ್, ಬಜೆ, ಜೇನು ಯಾವುದನ್ನೂ ನಾಲಿಗೆಗೆ ತಾಗಿಸಲು ಬಿಡಲಿಲ್ಲ. ವರ್ಷದೊಳಗಿನ ಕೂಸಿಗೆ ಜೇನಿನಿಂದ ಬಾಟುಲಿಸಂ ಎಂಬ ವಿಷಬಾಧೆ ಆಗಬಹುದು.

ಕಕ್ಕಿದ್ದು ಹಸಿರಾಗಿದ್ದರೆ, ರಕ್ತ ಕಂಡರೆ, ಉಚ್ಚೆ ಕಡಿಮೆಯಾದರೆ, ಕೂಸು ಕುಡಿಯಲು ಒಲ್ಲೆನೆಂದರೆ, ತೂಕ ನಿಂತರೆ ಅದು ಬೇರೆಯೇ ಕಥೆ. ಮೊದಲ ಎರಡು ತಿಂಗಳಲ್ಲಿ ಪ್ರತಿ ಸಲ ಚಿಮ್ಮಿ ದೂರ ಬೀಳುವಂತೆ ವಾಂತಿಯಾದರೆ ಜಠರದ ಕೆಳಬಾಯಿ ದಪ್ಪಗಾಗಿ ಮುಚ್ಚಿರಬಹುದು, ಅದಕ್ಕೆ ಆಪರೇಷನ್ನೇ ಬೇಕು. ಅಂಥದಕ್ಕೆ ಬೆಳಗಾಗಲೆಂದು ಕಾಯದೆ ರಾತ್ರಿಯೇ ರಾಯಚೂರಿಗೋ ಬಳ್ಳಾರಿಗೋ ಗಾಡಿ ಹಿಡಿಯಬೇಕು.