ಬೇಲಿ ಮೇಲಿನ ಹೇಝಲ್‌ನಟ್, ಅವ್ವನ ಹಿಂಡಿ ರೆಸಿಪಿ

ಇಂಗ್ಲೆಂಡಿನ ಕೆಂಟ್ ಕಡೆ ಇರೋರು ಹೇಝಲ್‌ನಟ್‌ಗೆ ದುಡ್ಡು ಕೊಡೋ ಅವಶ್ಯಕತೆನೇ ಇಲ್ಲ ಅಂತೀನಿ ನಾನು, ಹೊಲದ ಬದು, ಕಾಲುದಾರಿ, ಎಲ್ಲಾ ಕಡೆ ಇದೇ ಪೊದೆ. ತಾನಾಗೇ ಬೆಳೆದ ಗಿಡದ ಕಾಯಿನ ಮನೆಗೆ ಅಂತ ಕಿತ್ಕೊಂಡ್ರೆ 1968ರ ಕಾನೂನಿನ ಪ್ರಕಾರ ಕಳ್ಳತನ ಅಲ್ಲ, ಮಾರೋಕೆ ಕಿತ್ರೆ ಬೇರೆ ಮಾತು. ಸಾಲು ಹಿಡಿದು ನೆಟ್ಟಿದ್ದು ಕಂಡ್ರೆ ಮಾತ್ರ ದೂರ ಇರಿ, ಅದು ಕಾಬ್‌ನಟ್ ತೋಟ, ಅಂದ್ರೆ ಬೆಳೆಯಾಗಿ ಬೆಳೆಸಿದ ಹೇಝಲ್‌ನಟ್.

ಫೆಬ್ರವರಿಲೇ ಗಿಡ ನೋಡಿಟ್ಕೊಳ್ಳೋದು ಒಳ್ಳೇದು. ಎಲೆ ಇಲ್ಲದ ಕೊಂಬೇಲಿ ಹಳದಿ ಗಂಡು ಹೂ ಉದ್ದಕ್ಕೆ ಜೋತಾಡ್ತಿರ್ತವೆ, ಹೆಣ್ಣು ಹೂ ಅಂದ್ರೆ ಮೊಗ್ಗಿನ ತುದೀಲಿ ನಾಕು ಕೆಂಪು ಎಳೆ ಅಷ್ಟೇ. ಪರಾಗ ಗಾಳೀಲೇ ಬರ್ಬೇಕು, ಅದಕ್ಕೆ ಒಂಟಿ ಗಿಡ ನಂಬ್ಕೋಬೇಡಿ, ಗುಂಪು ಹುಡುಕಿ. ಆಗಸ್ಟ್ ಕೊನೇಲಿ ಹಸಿ ಕಾಯಿ ತಿಂದ್ರೆ ಥೇಟ್ ಎಳೆ ಕೊಬ್ಬರಿ. ಒಣಗಿಸಿ ಇಡೋಕಾದ್ರೆ ಸೆಪ್ಟೆಂಬರ್ ಮಧ್ಯದ ತನಕ ಕಾಯ್ಬೇಕು, ನಾವು ಕಾಯ್ತೀವಿ ಬೂದು ಅಳಿಲು ಕಾಯಲ್ಲ, ಅಮೆರಿಕದಿಂದ ತಂದುಬಿಟ್ಟ ಪ್ರಾಣಿ ಅದು, ಬಲಿಯೋಕೆ ಮುಂಚೇನೇ ಅರ್ಧ ಗಿಡ ಖಾಲಿ.

ಭಾನುವಾರ ಕಾಯಿ ಕೀಳೋಕೆ ಹೋದ್ರೆ ಸೈತಾನ ಬಂದು ಕೊಂಬೆ ಬಗ್ಗಿಸಿ ಕೊಡ್ತಾನೆ ಅಂತ ಇಲ್ಲಿನ ಹಳೇ ನಂಬಿಕೆ. ನನಗೆ ರಜ ಸಿಗೋದೇ ಭಾನುವಾರ, ಮೇಲಿನ ಕೊಂಬೆ ಎಟುಕೋದೂ ಇಲ್ಲ, ಬಂದಿದ್ರೆ ಉಪಕಾರನೇ ಆಗ್ತಿತ್ತು! ಐರ್ಲೆಂಡಿನವರ ಕಥೇಲಿ ಬಾವಿ ಸುತ್ತ 9 ಹೇಝಲ್ ಗಿಡ, ಉದುರಿದ ಕಾಯಿ ತಿಂದ ಸಾಮನ್ ಮೀನಿಗೆ ಲೋಕದ ಜ್ಞಾನವೆಲ್ಲ ಬರುತ್ತೆ, ಆ ಮೀನು ಬೇಯಿಸ್ತಾ ಸುಟ್ಟ ಬೆರಳು ಚೀಪಿದ ಫಿನ್ ಅನ್ನೋ ಹುಡುಗನಿಗೆ ಅದು ದಾಟುತ್ತೆ. ಕವಲೊಡೆದ ಹೇಝಲ್ ಕಡ್ಡಿ ಹಿಡ್ಕೊಂಡು ನೀರು ಹುಡುಕೋರೂ ಇದಾರೆ, ನಮ್ಮೂರಲ್ಲಿ ಬೋರ್ ಪಾಯಿಂಟ್ ನೋಡೋರ ಹಾಗೇ.

ಈಗ ಅಡುಗೆ. ತಂದಿದ್ದನ್ನ ಬಕೆಟ್ ನೀರಿಗೆ ಹಾಕಿ, ತೇಲೋದ್ರಲ್ಲಿ ಬಹಳಷ್ಟು ಜೊಳ್ಳು ಇಲ್ಲಾ ಹುಳ ತಿಂದಿದ್ದು. ಮಿಕ್ಕಿದ್ದನ್ನ ಪೇಪರ್ ಮೇಲೆ ಹರವಿ ಕೆಲವು ವಾರ ಒಣಗಿಸಿ, ಒಡೆದು, ಓವನ್‌ನಲ್ಲಿ 150 ಡಿಗ್ರಿಗೆ ಹದಿನೈದು ನಿಮಿಷ ಹುರೀರಿ, ಬಿಸಿ ಇದ್ದಾಗಲೇ ಟವೆಲ್‌ನಲ್ಲಿ ಉಜ್ಜಿದ್ರೆ ಕಹಿ ಸಿಪ್ಪೆ ಉದುರುತ್ತೆ. ಆಮೇಲೆ ಅವ್ವ ಶೇಂಗಾ ಹಿಂಡಿಗೆ, ಅಂದ್ರೆ ಚಟ್ನಿಪುಡಿಗೆ, ಹಾಕೋದೇ ಎಲ್ಲ, ಬೆಳ್ಳುಳ್ಳಿ, ಜೀರಿಗೆ, ಖಾರದ ಪುಡಿ, ಉಪ್ಪು, ಚೂರು ಬೆಲ್ಲ. ಹೇಝಲ್‌ನಟ್‌ನಲ್ಲಿ ನೂರಕ್ಕೆ 60ರಷ್ಟು ಎಣ್ಣೆನೇ, ಶೇಂಗಾಗಿಂತ ಜಾಸ್ತಿ, ಮಿಕ್ಸಿ ಒಂದೇ ಸಮ ಓಡಿಸಿದ್ರೆ ಹಿಂಡಿ ಬದಲು ಬೆಣ್ಣೆ ಸಿಗುತ್ತೆ, ಬಿಟ್ಟು ಬಿಟ್ಟು ತಿರುಗಿಸಿ ಇಲ್ಲಾ ಕುಟ್ಟಿ. ಜೋಳದ ರೊಟ್ಟಿ ಜೊತೆ ಶೇಂಗಾಗೆ ಸೋಲಲ್ಲ ಇದು.

ಔಷಧಿ ವಿಷಯದಲ್ಲಿ ನಾನು ಸ್ವಲ್ಪ ಬಿಗಿ. 17ನೇ ಶತಮಾನದ ಕಲ್ಪೆಪರ್ ಅನ್ನೋ ಇಲ್ಲಿನ ಗಿಡಮೂಲಿಕೆ ವೈದ್ಯ ಹಳೇ ಕೆಮ್ಮಿಗೆ ಇದರ ಬೀಜದ ಹಾಲು, ಜೇನುನೀರು ಅಂತ ಬರೆದಿದಾನೆ. ನೆನೆಸಿ, ರುಬ್ಬಿ, ಸೋಸಿ, ಜೇನು ಹಾಕಿ ಬೆಚ್ಚಗೆ ಕುಡಿತೀನಿ, ಗಂಟಲಿಗೆ ಹಿತ, ಆದ್ರೆ ಆ ಕ್ರೆಡಿಟ್ ಜೇನಿಗೇ ಹೋಗ್ಬೇಕು ಅನ್ಸುತ್ತೆ. ಒಗರು ಎಲೆ-ತೊಗಟೆ ಕುದಿಸಿ ಭೇದಿಗೆ ಕೊಡ್ತಿದ್ರಂತೆ, ನಾನು ಆ ಕಡೆ ಹೋಗಲ್ಲ. ಮೆಡಿಕಲ್ ಶಾಪ್‌ನ ವಿಚ್ ಹೇಝಲ್ ಬಾಟ್ಲಿ ಬೇರೆಯದೇ ಗಿಡದ್ದು, ಇದಕ್ಕೆ ಸಂಬಂಧ ಇಲ್ಲ. ಬರ್ಚ್ ಮರದ ಪರಾಗದ ಅಲರ್ಜಿ ಇರೋರಿಗೆ ಹಸಿ ಬೀಜ ತಿಂದ್ರೆ ಬಾಯಿ ತುರಿಸಬಹುದು, ನಟ್ ಅಲರ್ಜಿ ಜೋರಾಗಿರೋರಿಗೆ ಜೀವಕ್ಕೇ ಅಪಾಯ, ಮನೆಗೆ ಬಂದೋರನ್ನ ಕೇಳಿಯೇ ಬಡಿಸಿ.

ಒಡೆದಿಟ್ಟ ಬೀಜ ಬೇಗ ಕಮಟು ವಾಸನೆ ಬರುತ್ತೆ, ಚಿಪ್ಪಿನ ಸಮೇತ ಇಟ್ಟು ಬೇಕಾದಾಗ ಒಡ್ಕೊಳ್ಳಿ, ಹಿಂಡಿ ಫ್ರಿಜ್‌ನಲ್ಲಿಡಿ.