ಮನೆಯವರ ನಂಬಿಕೆ ಕಣ್ಣಿಗೆ ಬೀಳಬೇಕಾದರೆ: ನನ್ನ ಅನುಭವ

ತನ್ನ ಮಕ್ಕಳು ಸತ್ಯದಲ್ಲಿ ನಡೆಯುತ್ತಿದ್ದಾರೆಂದು ಕೇಳುವುದಕ್ಕಿಂತ ದೊಡ್ಡ ಸಂತೋಷ ತನಗಿಲ್ಲ ಎಂಬ ಮಾತು ಬೈಬಲಿನಲ್ಲಿ ಯೋಹಾನನ ಮೂರನೆಯ ಪತ್ರದ 4ನೇ ವಚನದಲ್ಲಿದೆ. ನಾವು ಅಷ್ಟು ಓದಿ ಪುಸ್ತಕ ಮುಚ್ಚುತ್ತೇವೆ. 5ರಿಂದ 8ರವರೆಗೆ ಓದಿದರೆ ಪತ್ರ ಬರೆದ ಆ ಹಿರಿಯ ಹಿಗ್ಗಿದ್ದೇಕೆಂದು ತಿಳಿಯುತ್ತದೆ. ಪತ್ರ ಯಾರಿಗೆ ಬರೆದದ್ದೋ ಆ ಗಾಯನೆಂಬವನು ಗುರುತಿಲ್ಲದ ಸಹೋದರರನ್ನು ಆದರಿಸಿದ್ದ. ಹೋಗಿಬಂದವರು ಅದನ್ನು ಹಿರಿಯನ ಕಿವಿಗೆ ಹಾಕಿದ್ದರು. ಕೆಲಸ ನಿರ್ದಿಷ್ಟ, ಸುದ್ದಿ ಮುಟ್ಟಿಸುವವರೂ ಇದ್ದರು. ಮನೆಯಲ್ಲಿ ಈ ಸಂತೋಷ ಬೇಕೆನ್ನುವವರು ಇವೆರಡನ್ನೂ ಹೊಂದಿಸಿಕೊಳ್ಳಬೇಕು.

ನಾನು ಒಂದು ಸಣ್ಣ ನೋಟ್‌ಬುಕ್ ಇಟ್ಟಿದ್ದೇನೆ. ಮನೆಯ ಒಬ್ಬೊಬ್ಬರಿಗೂ ಒಂದು ಪುಟ, ಪುಟಕ್ಕೆ ಮೂರು ಗೆರೆ. ಶೀರ್ಷಿಕೆಗಳನ್ನು ಥೆಸಲೋನಿಕದವರಿಗೆ ಬರೆದ ಮೊದಲ ಪತ್ರದ 1:3ರಿಂದ ತೆಗೆದುಕೊಂಡೆ: ನಂಬಿಕೆಯ ಕೆಲಸ, ಪ್ರೀತಿಯ ಪ್ರಯಾಸ, ನಿರೀಕ್ಷೆಯ ತಾಳ್ಮೆ. ಶನಿವಾರ ರಾತ್ರಿ ಹತ್ತು ನಿಮಿಷ ಕೂತು, ಆ ವಾರ ಕಂಡದ್ದನ್ನು ಬರೆಯುವುದು. ಕಂಡದ್ದನ್ನು ಮಾತ್ರ. ‘ಮಗಳು ಭಕ್ತಿಯಲ್ಲಿ ಬೆಳೆಯುತ್ತಿದ್ದಾಳೆ’ ಎಂದು ಬರೆದರೆ ಏನೂ ಬರೆದಂತಾಗಲಿಲ್ಲ. ‘ಜಗಳವಾಡಿದ ಗೆಳತಿಗೆ ತಾನೇ ಮೊದಲು ಫೋನ್ ಮಾಡಿದಳು’ ಎಂದರೆ ಸರಿ. ಮೂರನೆಯ ಗೆರೆ ಬಹಳ ಸಲ ಖಾಲಿ ಉಳಿಯುತ್ತದೆ, ಏಕೆಂದರೆ ತಾಳ್ಮೆ ಸದ್ದು ಮಾಡುವುದಿಲ್ಲ. ಹಾಸಿಗೆ ಹಿಡಿದ ಅತ್ತೆಯನ್ನು ನೋಡಿಕೊಳ್ಳುವ ಸೊಸೆ, ಕೆಲಸ ಸಿಗದಿದ್ದರೂ ಲಂಚಕ್ಕೆ ಒಪ್ಪದ ಮಗ, ಇವರನ್ನು ಹುಡುಕಿಯೇ ನೋಡಬೇಕು. ವಾಟ್ಸಾಪ್‌ನಲ್ಲಿ ದಿನಾ ವಚನ ಕಳಿಸುವವರು ಮಾತ್ರ ಹುಡುಕದೆಯೂ ಸಿಗುತ್ತಾರೆ!

ಬರೆದದ್ದನ್ನು ಹೇಳುವಾಗಲೇ ಹೆಚ್ಚು ಎಡವಟ್ಟಾಗುವುದು. ಎಲ್ಲರೆದುರು ಹೊಗಳಿದರೆ ಮುಂದಿನ ವಾರದಿಂದ ಮಗು ಹೊಗಳಿಕೆಗಾಗಿ ಮಾಡುತ್ತದೆ. ಮತ್ತಾಯ 6ನೇ ಅಧ್ಯಾಯ ಎಚ್ಚರಿಸುವುದು ಇದನ್ನೇ. ಅಣ್ಣನನ್ನು ಹೊಗಳುವಾಗ ತಮ್ಮ ಪಕ್ಕದಲ್ಲಿದ್ದರೆ ಅದು ಹೋಲಿಕೆಯಾಗಿಯೇ ಅವನ ಕಿವಿಗೆ ಬೀಳುತ್ತದೆ. ಒಬ್ಬರೇ ಇದ್ದಾಗ, ಒಂದೇ ವಾಕ್ಯ: ‘ನೀನು ಅವಳಿಗೆ ಫೋನ್ ಮಾಡಿದ್ದು ನೋಡಿದೆ, ದೇವರಿಗೆ ಸ್ತೋತ್ರ ಹೇಳಿದೆ.’ ಅದಕ್ಕೆ ‘ಆದರೆ’ ಅಂಟಿಸಬಾರದು. ತಿದ್ದುವುದಿದ್ದರೆ ಬೇರೆ ದಿನ. ಜಗಳ, ಪಂಗಡ ತುಂಬಿದ್ದ ಕೊರಿಂಥದ ಸಭೆಗೂ ಅಪೊಸ್ತಲ ಪೌಲನು ಮೊದಲು ಕೃತಜ್ಞತೆ ಬರೆದು ಆಮೇಲೆ ಗದರುತ್ತಾನೆ. ಗಲಾತ್ಯದವರ ಪತ್ರದಲ್ಲಿ ಆ ಕೃತಜ್ಞತೆಯೇ ಇಲ್ಲ. ಪರಿಸ್ಥಿತಿ ಅಷ್ಟು ಕೆಟ್ಟಿತ್ತು. ನಮ್ಮ ಮನೆಗಳಲ್ಲಿ ದಿನವೂ ಗಲಾತ್ಯವೇ ನಡೆಯುತ್ತಿರುತ್ತದೆ.

ಮನೆಯವರ ನಂಬಿಕೆ ಕಾಣಬೇಕಾದರೆ ಅವರಿಗೆ ಜಾಗವೂ ಬೇಕು. ಕುಟುಂಬ ಪ್ರಾರ್ಥನೆಯನ್ನು ಊಟಕ್ಕೆ ಮೊದಲೇ ಇಡಿ. ಊಟವಾದ ಮೇಲೆ ಮಕ್ಕಳು ತೂಕಡಿಸುತ್ತಾರೆ. ಒಟ್ಟು 15 ನಿಮಿಷ: ಹಾಡಿನ ಎರಡು ಚರಣ, ಸತ್ಯವೇದದ (ಬೈಬಲಿನ) ಹದಿನೈದು ವಚನ, ಪ್ರತಿಯೊಬ್ಬರದೂ ಒಂದೆರಡು ವಾಕ್ಯದ ಪ್ರಾರ್ಥನೆ, ಕೊನೆಗೆ ಕರ್ತನ ಪ್ರಾರ್ಥನೆ. ಮಾರ್ಕನಿಂದ ಆರಂಭಿಸಿದರೆ, 16 ಅಧ್ಯಾಯವಷ್ಟೇ ಆದ್ದರಿಂದ, ಸುಮಾರು ಒಂದೂವರೆ ತಿಂಗಳಲ್ಲಿ ಒಂದು ಸುವಾರ್ತೆ ಮುಗಿಯುತ್ತದೆ. ಡಿಸೆಂಬರಿಗೆ ಲೂಕ: 24 ಅಧ್ಯಾಯ, ದಿನಕ್ಕೊಂದರಂತೆ ಕ್ರಿಸ್ಮಸ್ ಹಿಂದಿನ ರಾತ್ರಿಗೆ ಸರಿಯಾಗುತ್ತದೆ. ಆದರೆ ಮೊದಲನೆಯದರಲ್ಲೇ 80 ವಚನಗಳಿವೆ, ಅದನ್ನು ಇಬ್ಬರಿಗೆ ಹಂಚಿ.

ನಡೆಸುವವರು ಸರದಿಯಂತೆ ಬದಲಾಗಬೇಕು, ಹಾಡು ಆರಿಸುವುದೂ ಅವರ ಪಾಲಿಗೆ. ದಿನವೂ ಅಪ್ಪನೇ ನಡೆಸಿ, ಅಪ್ಪನೇ ಓದಿ, ಅಪ್ಪನೇ ಉದ್ದುದ್ದ ಪ್ರಾರ್ಥಿಸಿದರೆ ಉಳಿದವರ ನಂಬಿಕೆ ಕಾಣುವುದಾದರೂ ಎಲ್ಲಿ? ಯೋಹಾನನ ಅದೇ ಮೂರನೆಯ ಪತ್ರದ 9ನೇ ವಚನದಲ್ಲಿ ದಿಯೊತ್ರೇಫನೆಂಬವನಿದ್ದಾನೆ, ಎಲ್ಲರಿಗಿಂತ ಮುಂದಿರಬೇಕೆನ್ನುವವನು. ಪ್ರಾರ್ಥನೆಗೆ ಕೂರುವ ಮೊದಲು ಯಜಮಾನರು ಅವನನ್ನೊಮ್ಮೆ ನೆನೆಯುವುದು ಒಳ್ಳೆಯದು. ಇಂಗ್ಲಿಷ್ ಮಾಧ್ಯಮದ ಮಕ್ಕಳು ಹಳೆಯ ಸತ್ಯವೇದದ ಕನ್ನಡದಲ್ಲಿ ತಡವರಿಸುತ್ತಾರೆ. ಅಲ್ಲೇ ತಿದ್ದಿದರೆ ಮರುದಿನ ಓದಲು ಮುಂದಾಗುವುದಿಲ್ಲ. ಭಾಗವನ್ನು ಸಂಜೆಯೇ ಕೊಟ್ಟು, ಅಜ್ಜಿಯ ಹತ್ತಿರ ಒಮ್ಮೆ ಓದಿಸಿಕೊಳ್ಳಲಿ. ಅಜ್ಜಿಗೂ ಪಾಲು ಸಿಕ್ಕಂತಾಯಿತು. ಶಿಷ್ಯ ತಿಮೊಥೆಯನ ನಂಬಿಕೆಯನ್ನು ಹೇಳುವಾಗ ಪೌಲನು ಅಜ್ಜಿ ಲೋವಿಯ ಹೆಸರನ್ನು ತಾಯಿ ಯೂನೀಕೆಗಿಂತ ಮೊದಲು ತೆಗೆಯುತ್ತಾನೆ.

ಕಾಣಿಕೆಯದು ಸಣ್ಣ ವಿಷಯ, ಹೇಳಿಬಿಡುತ್ತೇನೆ. ಚರ್ಚಿನ ಬೆಂಚಿನಲ್ಲಿ ಕೂತು ಮಗುವಿನ ಕೈಗೆ ನೋಟು ತುರುಕಿದರೆ ಅದು ನಿಮ್ಮ ಕಾಣಿಕೆ, ಮಗುವಿನದಲ್ಲ. ಕೈಖರ್ಚಿನ ಹಣವನ್ನು ವಾರದ ಮೊದಲೇ ಕೊಟ್ಟು, ಎಷ್ಟು ಹಾಕಬೇಕೆಂಬುದನ್ನು ಮಗುವಿಗೇ ಬಿಡಿ. ಏನೂ ಹಾಕದ ಭಾನುವಾರವೂ ಬರುತ್ತದೆ. ಕೇಳಬೇಡಿ.

ಮಕ್ಕಳು ದೂರ ಹೋದ ಮೇಲೆ ಗಾಯನ ಸುದ್ದಿ ತಂದವರಂಥವರು ಬೇಕಾಗುತ್ತಾರೆ. ದುಬೈ ಸಮಯ ನಮಗಿಂತ ಒಂದೂವರೆ ಗಂಟೆ ಹಿಂದೆ, ನಮಗೆ ರಾತ್ರಿ ಎಂಟೂವರೆಯಾದಾಗ ಅಲ್ಲಿ ಏಳು. ವಾರಕ್ಕೊಮ್ಮೆ ವೀಡಿಯೊ ಕರೆಯಲ್ಲಿ ಪ್ರಾರ್ಥನೆಗೆ ಸೇರಿಸಿಕೊಳ್ಳಬಹುದು. ‘ಚರ್ಚಿಗೆ ಹೋಗಿದ್ದೆಯಾ?’ ಎಂದರೆ ‘ಹ್ಞೂಂ’ ಎಂಬ ಉತ್ತರಕ್ಕೆ ಮಾತು ಮುಗಿಯುತ್ತದೆ, ಸುಳ್ಳಿಗೂ ದಾರಿಯಾಗುತ್ತದೆ. ‘ಈ ವಾರ ಯಾವ ಹಾಡು ಹಾಡಿದಿರಿ? ನಿನ್ನ ರೂಮಿನ ಹುಡುಗ ಹುಷಾರಾದನೇ?’ ಎಂದು ಕೇಳಿ. ಅವರ ಜೊತೆಯವರು ರಜೆಗೆ ಊರಿಗೆ ಬಂದಾಗ ಊಟಕ್ಕೆ ಕರೆಯಿರಿ. ಮಗ ಆ ಹುಡುಗನಿಗೆ ಗಂಜಿ ಮಾಡಿಕೊಟ್ಟದ್ದನ್ನು ಹೇಳುವವರು ಅವರೇ, ಮಗನಂತೂ ಹೇಳುವುದಿಲ್ಲ.